ಎರಡು ಪಾನೀಯ, ಎರಡು ಅನಿಲ, ಎರಡು ನಲ್ಲಿ: ಮೈಸೂರಿನ ಒಂದು ಮನೆಯ ಡ್ರಾಫ್ಟ್ ವ್ಯವಸ್ಥೆಯ ಪ್ರಕರಣ ಅಧ್ಯಯನ

ಮೈಸೂರಿನ ಕುವೆಂಪುನಗರದ ಒಂದು ಮನೆಯವರು ಡ್ರಾಫ್ಟ್ ಬಿಯರ್ (ಬಾಟಲಿಯ ಬದಲು ನಲ್ಲಿಯಿಂದ ಬಡಿಸುವ ಬಿಯರ್) ಬಡಿಸಲು ಬಳಸುವ ಕೆಗ್ (ಒತ್ತಡ ತಡೆಯುವ ಪೀಪಾಯಿ), ಸಿಲಿಂಡರ್ ಮತ್ತು ನಲ್ಲಿಗಳನ್ನು ಕೂಡಿಸಿಕೊಂಡು, ಅವುಗಳಿಂದ ಬಿಯರಿನ ಬದಲು ಬೇರೆ ಎರಡು ಪಾನೀಯಗಳನ್ನು ಬಡಿಸಲು ಹೊರಟಿದ್ದರು. ಒಂದು, ಶುಂಠಿ, ನಿಂಬೆ ಮತ್ತು ಬೆಲ್ಲದ ಪಾಕದಿಂದ ಮಾಡಿದ, ಸೋಡಾದಂತೆ ಚುರುಗುಟ್ಟುವ ಪಾನೀಯ. ಇನ್ನೊಂದು, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ಸೋಸಿದ ಕಾಫಿ. ಅದರ ಮೇಲೆ ಸ್ಟೌಟ್ ಎಂಬ ಕಪ್ಪು ಬಿಯರಿನ ಮೇಲೆ ನಿಲ್ಲುವಂತಹ ಕೆನೆ ನೊರೆ ನಿಲ್ಲಬೇಕೆಂಬುದು ಅವರ ಆಸೆ. ಬಿಯರನ್ನೇ ಮನೆಯಲ್ಲಿ ಮಾಡುವ ಯೋಚನೆ ಮೊದಲು ಇತ್ತಾದರೂ, 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ ಎಂದು ತಿಳಿದ ಮೇಲೆ ಅದನ್ನು ಕೈಬಿಟ್ಟಿದ್ದರು. ಶುಂಠಿ ಪಾನೀಯವನ್ನು ಹುದುಗಿಸದೆ, ಸಿಲಿಂಡರಿನ ಅನಿಲವನ್ನೇ ಅದರಲ್ಲಿ ಕರಗಿಸುವ ತೀರ್ಮಾನಕ್ಕೂ ಇದೇ ಕಾರಣ. ಬೆಲ್ಲದ ನೀರನ್ನು ಹುದುಗಲು ಬಿಟ್ಟರೆ ಅದರಲ್ಲಿ ಮದ್ಯಸಾರ ಹುಟ್ಟದೆ ಇರುವುದಿಲ್ಲ.

ತಂಪು ಪಾನೀಯ ಯಂತ್ರಗಳ ಅಳವಡಿಕೆ ನನ್ನ ವೃತ್ತಿಯಾದ್ದರಿಂದ ಅವರು ನನ್ನನ್ನು ಕರೆಸಿದರು. ನಾನು ಹೋದಾಗ ಕಂಡ ವ್ಯವಸ್ಥೆ ಹೀಗಿತ್ತು. ಉಗ್ರಾಣದಲ್ಲಿ ಒಂದು ಫ್ರಿಜ್, ಅದರೊಳಗೆ 19 ಲೀಟರಿನ ಎರಡು ಸ್ಟೀಲ್ ಕೆಗ್‌ಗಳು, ಹೊರಗೆ 3 ಕಿಲೋ ಇಂಗಾಲದ ಡೈಆಕ್ಸೈಡ್ ತುಂಬಿದ ಒಂದು ಸಿಲಿಂಡರ್. ಒಂದೇ ರೆಗ್ಯುಲೇಟರಿನಿಂದ ಹೊರಟ ಟ್ಯೂಬ್ ಟೀ ಜಾಯಿಂಟಿನಲ್ಲಿ ಕವಲೊಡೆದು ಎರಡೂ ಕೆಗ್‌ಗಳಿಗೆ 30 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡ ಕೊಡುತ್ತಿತ್ತು. ಪಾನೀಯದ ಟ್ಯೂಬ್‌ಗಳು ಗೋಡೆಯನ್ನು ತೂರಿಕೊಂಡು ಊಟದ ಕೋಣೆಗೆ ಬಂದು, ಅಲ್ಲಿ ಕ್ರೋಮ್ ಲೇಪನದ ಎರಡು ಹಿತ್ತಾಳೆ ನಲ್ಲಿಗಳಿಗೆ ಸೇರುತ್ತಿದ್ದವು.

ಶುಂಠಿ ಪಾನೀಯದ ನಲ್ಲಿ ತಿರುಗಿಸಿದರೆ ಲೋಟದ ಮುಕ್ಕಾಲು ಭಾಗ ನೊರೆಯೇ ತುಂಬುತ್ತಿತ್ತು. ನೊರೆ ಇಳಿದ ಮೇಲೆ ಉಳಿದ ಪಾನೀಯವನ್ನು ಕುಡಿದರೆ ನಾಲಿಗೆಗೆ ಚುರುಕೇ ಇರುತ್ತಿರಲಿಲ್ಲ. ಕಾಫಿಯ ಸಮಸ್ಯೆ ಇನ್ನೊಂದು ಬಗೆಯದು. ಅದರ ಮೇಲೆ ಸಾಬೂನಿನ ಗುಳ್ಳೆಗಳಂತಹ ದೊಡ್ಡ ಗುಳ್ಳೆಗಳೆದ್ದು ಕ್ಷಣದಲ್ಲಿ ಒಡೆದುಹೋಗುತ್ತಿದ್ದವು, ರುಚಿಯೂ ಹುಳಿಯಾಗಿತ್ತು. ಮನೆಯಾಕೆಯ ತವರಿನವರಿಗೆ ಸೋಮವಾರಪೇಟೆಯ ಕಡೆ ಕಾಫಿ ತೋಟವಿದೆ. "ನಮ್ಮ ತೋಟದ ಕಾಫಿ ಹೀಗೆ ಹುಳಿ ಹೊಡೆಯೋದಿಲ್ಲ ಸರ್, ಸೋಡಾ ಬೆರೆಸಿದ ಹಾಗಿದೆ" ಎಂದು ಅವರು ಹೇಳಿದ್ದು ಅಕ್ಷರಶಃ ಸರಿಯಾದ ರೋಗನಿರ್ಣಯವಾಗಿತ್ತು. ಅವರಿಗೆ ಸಲಕರಣೆ ಒದಗಿಸಿದವರು ಕೊಟ್ಟಿದ್ದ ಸಲಹೆ ಎಂದರೆ, ಎರಡೂ ನಲ್ಲಿಗಳನ್ನು ತೆಗೆದು ಸ್ಟೌಟ್ ಬಡಿಸುವ ವಿಶೇಷ ನಲ್ಲಿ ಹಾಕಿಸಿ, ಸಿಲಿಂಡರಿನಲ್ಲಿ ಸಾರಜನಕ ಬೆರೆತ ಅನಿಲ ತುಂಬಿಸಿ, ಎರಡೂ ಪಾನೀಯಕ್ಕೆ ಅದೊಂದೇ ಸಾಕು ಎಂಬುದು. ಯಜಮಾನರು ದುಡ್ಡು ಕಟ್ಟುವುದಕ್ಕೆ ಮುಂಚೆ ಆ ಸಲಹೆಯನ್ನು ಪರೀಕ್ಷಿಸಬೇಕೆಂದು ಬಯಸಿದರು.

ಆ ಸಲಹೆ ಏಕೆ ನಿಲ್ಲುವುದಿಲ್ಲ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸಬೇಕು. ಸ್ಟೌಟ್ ನಲ್ಲಿಯೂ ಮಿಶ್ರ ಅನಿಲವೂ ಒಂದು ನಿರ್ದಿಷ್ಟ ಬಿಯರಿಗಾಗಿ ಹುಟ್ಟಿದವು. ಗಿನ್ನೆಸ್ ಸಂಸ್ಥೆಯಲ್ಲಿದ್ದ ಗಣಿತಜ್ಞ ಮೈಕೆಲ್ ಆ್ಯಶ್ ಅವರ ಪ್ರಯತ್ನದಿಂದ 1959ರಲ್ಲಿ ಸಾರಜನಕ ಬಳಸಿ ಸ್ಟೌಟ್ ಬಡಿಸುವ ಪದ್ಧತಿ ಬಳಕೆಗೆ ಬಂತು. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಧಾರಾಳವಾಗಿ ಕರಗುತ್ತದೆ, ಕರಗಿದಾಗ ಕಾರ್ಬೋನಿಕ್ ಆಮ್ಲವಾಗಿ ನಾಲಿಗೆಗೆ ಚುರುಕು ಮತ್ತು ಹುಳಿ ಕೊಡುತ್ತದೆ. ಸಾರಜನಕ ಕರಗುವುದು ಅದರ ಐವತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ, ಅದಕ್ಕೆ ರುಚಿಯೂ ಇಲ್ಲ. ಇಷ್ಟು ಕಡಿಮೆ ಕರಗುವ ಅನಿಲ ದ್ರವದಿಂದ ಹೊರಬರುವಾಗ ಗುಳ್ಳೆಗಳು ಸಣ್ಣವಾಗಿಯೇ ಉಳಿಯುತ್ತವೆ, ಒಂದನ್ನೊಂದು ನುಂಗಿ ದೊಡ್ಡದಾಗುವುದು ನಿಧಾನ. ನೊರೆ ಕೆನೆಯಂತೆ ಕಾಣುವುದೂ ಬಹಳ ಹೊತ್ತು ನಿಲ್ಲುವುದೂ ಇದರಿಂದಲೇ. ಆದರೆ ಸ್ಟೌಟಿಗೆ ಸ್ವಲ್ಪ ಚುರುಕೂ ಬೇಕಾದ್ದರಿಂದ ಶುದ್ಧ ಸಾರಜನಕ ಹಾಕುವುದಿಲ್ಲ. ಸಾಮಾನ್ಯವಾಗಿ 75 ಭಾಗ ಸಾರಜನಕಕ್ಕೆ 25 ಭಾಗ ಇಂಗಾಲದ ಡೈಆಕ್ಸೈಡ್ ಬೆರೆಸುತ್ತಾರೆ.

ಈ ಮಿಶ್ರಣವನ್ನು ಮೈಸೂರಿನಲ್ಲಿ 30 ಪಿಎಸ್‌ಐ ಗೇಜ್ ಒತ್ತಡದಲ್ಲಿ (ಗೇಜು ತೋರಿಸುವುದು ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು) ಕೊಟ್ಟರೆ ಏನಾಗುತ್ತದೆ ನೋಡಬಹುದು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ವಾತಾವರಣದ ಒತ್ತಡ ಸುಮಾರು 13.4 ಪಿಎಸ್‌ಐ, ಸಮುದ್ರಮಟ್ಟದಲ್ಲಿ ಅದು 14.7. ಹೀಗಾಗಿ ಕೆಗ್‌ನೊಳಗಿನ ಒಟ್ಟು ಒತ್ತಡ 43.4, ಅದರಲ್ಲಿ ಇಂಗಾಲದ ಡೈಆಕ್ಸೈಡಿನ ಕಾಲು ಪಾಲು ಸುಮಾರು 11 ಪಿಎಸ್‌ಐ. ನಾಲ್ಕು ಡಿಗ್ರಿ ಸೆಲ್ಸಿಯಸ್ ತಣ್ಣನೆಯ ನೀರು ಈ ಒತ್ತಡದಲ್ಲಿ ತನ್ನ ಗಾತ್ರದ ಸುಮಾರು 1.1 ಪಟ್ಟು ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಸ್ಟೌಟಿಗೆ ಅದು ಹೇಳಿ ಮಾಡಿಸಿದ ಅಳತೆ. ಆದರೆ ಕಾಫಿಗೆ ಅಷ್ಟೂ ಬೇಡ. ಆ ಹುಳಿಯನ್ನು ತೆಗೆಯಬೇಕೆಂದೇ ಇಷ್ಟೆಲ್ಲ ಪ್ರಯತ್ನ. ಶುಂಠಿ ಪಾನೀಯಕ್ಕಾದರೋ ಅದು ಏನೇನೂ ಸಾಲದು. ಸಾಮಾನ್ಯ ಲಾಗರ್ ಬಿಯರಿಗೆ ಎರಡೂವರೆ ಪಟ್ಟು ಸಾಕಾದರೆ, ಬೆಲ್ಲದ ಸಿಹಿಯನ್ನು ಮೀರಿ ಚುರುಗುಟ್ಟಬೇಕಾದ ಈ ಪಾನೀಯಕ್ಕೆ ಮೂರು ಪಟ್ಟು ಬೇಕು. ಅದಕ್ಕೆ ಇಂಗಾಲದ ಡೈಆಕ್ಸೈಡ್ ಒಂದರ ಒತ್ತಡವೇ ಸುಮಾರು 32 ಪಿಎಸ್‌ಐ ಇರಬೇಕು. ಕಾಲು ಪಾಲಿನ ಮಿಶ್ರಣದಿಂದ ಅಷ್ಟು ಪಡೆಯಲು ಒಟ್ಟು ಒತ್ತಡವನ್ನು 128ಕ್ಕೆ, ಅಂದರೆ ಗೇಜಿನಲ್ಲಿ 115ರ ಆಸುಪಾಸಿಗೆ ಏರಿಸಬೇಕಾಗುತ್ತದೆ. ಈ ಬಗೆಯ ಕೆಗ್‌ಗಳ ಮೇಲೆ ಅಚ್ಚೊತ್ತಿರುವ ಗರಿಷ್ಠ ಮಿತಿ 130. ಮಿತಿಯ ಅಂಚಿನಲ್ಲಿ ಮನೆಯೊಳಗೆ ಕೆಗ್ ನಡೆಸುವುದು ನಾನು ಯಾರಿಗೂ ಹೇಳುವ ಮಾತಲ್ಲ, ಅಷ್ಟು ಒತ್ತಡ ತಡೆಯುವ ಟ್ಯೂಬೂ ಜೋಡಣೆಗಳೂ ಅಲ್ಲಿರಲಿಲ್ಲ.

ಹೀಗೆ ಮಿಶ್ರ ಅನಿಲ ಎರಡು ಪಾನೀಯಗಳಲ್ಲಿ ಒಂದಕ್ಕೂ ಹೊಂದುತ್ತಿರಲಿಲ್ಲ. ಶುಂಠಿಗೆ ಶುದ್ಧ ಇಂಗಾಲದ ಡೈಆಕ್ಸೈಡ್, ಕಾಫಿಗೆ ಶುದ್ಧ ಸಾರಜನಕ, ಒಂದೊಂದಕ್ಕೂ ಅದರದೇ ರೆಗ್ಯುಲೇಟರ್ ಎಂದು ತೀರ್ಮಾನವಾಯಿತು. ಖರ್ಚು ಉಳಿಸಲು ಗಾಳಿ ತುಂಬುವ ಕಂಪ್ರೆಸರ್ ಆಗದೇ ಎಂದು ಯಜಮಾನರು ಕೇಳಿದರು. ಗಾಳಿಯಲ್ಲಿರುವ ಆಮ್ಲಜನಕ ಕಾಫಿಯ ಘಮವನ್ನು ಬೇಗ ಕೆಡಿಸುತ್ತದೆ, ಬಿಯರಾದರೂ ಅಷ್ಟೇ. ಆದ್ದರಿಂದ ಆ ದಾರಿ ಬೇಡವೆಂದೆ.

ಅನಿಲ ಕೊಳ್ಳುವಾಗ ವೆಲ್ಡಿಂಗ್ ಕೆಲಸಕ್ಕೆ ಬರುವ ಸಿಲಿಂಡರನ್ನೇ ತಂದುಬಿಡುವ ಅಭ್ಯಾಸ ನಮ್ಮಲ್ಲಿದೆ. ಒಳಗಿರುವುದು ಅದೇ ಅನಿಲವಾದರೂ ಎಣ್ಣೆಯ ಅಂಶ, ತೇವ ಮತ್ತು ಇತರ ಕಲ್ಮಶಗಳಿಗೆ ಆಹಾರ ದರ್ಜೆಯಲ್ಲಿರುವ ಮಿತಿಯನ್ನು ಅಲ್ಲಿ ಯಾರೂ ನೋಡಿರುವುದಿಲ್ಲ. ಆಹಾರ ಸೇರ್ಪಡೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇಂಗಾಲದ ಡೈಆಕ್ಸೈಡಿಗೆ ಐಎನ್‌ಎಸ್ 290, ಸಾರಜನಕಕ್ಕೆ ಐಎನ್‌ಎಸ್ 941 ಎಂಬ ಸಂಖ್ಯೆಗಳಿವೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಬ್ಬ ವಿತರಕರಲ್ಲಿ ವಿಚಾರಿಸುವಾಗ ಈ ಸಂಖ್ಯೆಗಳನ್ನು ಹೇಳಿ, ಆಹಾರ ದರ್ಜೆಯ ಪ್ರಮಾಣಪತ್ರವನ್ನು ಬಿಲ್ಲಿನ ಜೊತೆಗೇ ಕೇಳಿ ಪಡೆದೆವು. ಸಿಲಿಂಡರಿನ ಹೆಗಲ ಮೇಲೆ ಕೊರೆದಿರುವ ಒತ್ತಡ ಪರೀಕ್ಷೆಯ ದಿನಾಂಕವನ್ನೂ ಅಲ್ಲಿಯೇ ಓದಿಕೊಳ್ಳಬೇಕು. 2016ರ ಅನಿಲ ಸಿಲಿಂಡರ್ ನಿಯಮಗಳ ಪ್ರಕಾರ ಅವಧಿ ಮೀರಿದ ಸಿಲಿಂಡರಿಗೆ ಅನಿಲ ತುಂಬುವಂತಿಲ್ಲ.

ಎರಡು ಸಿಲಿಂಡರುಗಳ ಸ್ವಭಾವವೂ ಬೇರೆ ಬೇರೆ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿನೊಳಗೆ ಬಹುಪಾಲು ದ್ರವವಾಗಿರುತ್ತದೆ. ದ್ರವ ಇರುವವರೆಗೂ ಗೇಜು ತೋರಿಸುವುದು ಉಷ್ಣತೆಯನ್ನು ಅವಲಂಬಿಸಿದ ಒತ್ತಡವನ್ನೇ ಹೊರತು ಉಳಿದಿರುವ ಪ್ರಮಾಣವನ್ನಲ್ಲ: 20 ಡಿಗ್ರಿಯಲ್ಲಿ ಸುಮಾರು 57 ಬಾರ್ (ಒಂದು ಬಾರ್ ಎಂದರೆ ಸುಮಾರು 14.5 ಪಿಎಸ್‌ಐ), 30 ಡಿಗ್ರಿಯಲ್ಲಿ 72. ಈ ಮನೆಯವರು ಮಧ್ಯಾಹ್ನ ಗೇಜಿನ ಮುಳ್ಳು ಏರಿದ್ದನ್ನು ಕಂಡು ಗಾಬರಿಯಾಗಿದ್ದರು, ಅನಿಲ ಮುಗಿಯುವ ದಿನದವರೆಗೂ ಮುಳ್ಳು ಇಳಿಯದೆ ಮೋಸಹೋಗಿದ್ದರು. ಅದನ್ನು ತೂಕ ಮಾಡಿಯೇ ತಿಳಿಯಬೇಕು. ಸಾರಜನಕ ಈ ಉಷ್ಣತೆಯಲ್ಲಿ ದ್ರವವಾಗದ ಕಾರಣ ಬರೀ ಒತ್ತಿಟ್ಟ ಅನಿಲವಾಗಿ, 150 ಬಾರ್‌ನಷ್ಟು ಹೆಚ್ಚಿನ ಒತ್ತಡದಲ್ಲಿ ಇರುತ್ತದೆ. ಅಲ್ಲಿ ಗೇಜು ಅರ್ಧಕ್ಕೆ ಬಂದರೆ ಅನಿಲವೂ ಅರ್ಧವೇ. ಎರಡರ ವಾಲ್ವಿನ ಮರೆಗಳು (ತಿರುಪಿನ ಸುತ್ತುಗಳು) ಬೇಕೆಂದೇ ಬೇರೆ ಬೇರೆ ಅಳತೆಯಲ್ಲಿರುತ್ತವೆ. ಒಂದರ ರೆಗ್ಯುಲೇಟರನ್ನು ಇನ್ನೊಂದಕ್ಕೆ ಅಡಾಪ್ಟರ್ ಹಾಕಿ ಕೂರಿಸಲು ಯಾರಾದರೂ ಮುಂದೆ ಬಂದರೆ ಒಪ್ಪಬಾರದು. ಬಾಳಿಕೆಯ ಲೆಕ್ಕ ಹಾಕಿದಾಗ 10 ಲೀಟರ್ ನೀರು ಹಿಡಿಯುವಷ್ಟು ದೊಡ್ಡ ಸಾರಜನಕದ ಸಿಲಿಂಡರ್ 40 ಪಿಎಸ್‌ಐನಲ್ಲಿ ಸುಮಾರು ಇಪ್ಪತ್ತು ಕೆಗ್ ಕಾಫಿಗೆ ಬರುತ್ತದೆ, 3 ಕಿಲೋ ಇಂಗಾಲದ ಡೈಆಕ್ಸೈಡ್ ಹದಿನೈದರಷ್ಟು ಕೆಗ್ ಶುಂಠಿ ಪಾನೀಯಕ್ಕೆ. ಸೋರಿಕೆ ಇಲ್ಲದಿದ್ದರೆ ಎಂಬುದು ಷರತ್ತು.

ನಲ್ಲಿಯ ವಿಷಯದಲ್ಲಿ ಜನ ನೋಡುವುದು ಹಿಡಿ ಮತ್ತು ಹೊಳಪನ್ನು. ಕೆಲಸ ನಡೆಯುವುದು ಒಳಗೆ. ಅವರ ಹಳೆಯ ನಲ್ಲಿಗಳಲ್ಲಿ ಒಂದನ್ನು ಕಳಚಿ ಮೇಜಿನ ಮೇಲಿಟ್ಟು ತೋರಿಸಿದೆ. ಪಾನೀಯವನ್ನು ತಡೆಯುವ ವಾಷರ್ ಹಿಂಭಾಗದಲ್ಲಿತ್ತು. ಹೀಗಿದ್ದರೆ ನಲ್ಲಿ ಮುಚ್ಚಿದ ಮೇಲೆ ವಾಷರಿನ ಮುಂದಿನ ಒಳಭಾಗವೆಲ್ಲ ಗಾಳಿಗೆ ತೆರೆದಿರುತ್ತದೆ, ಅಲ್ಲಿ ಅಂಟಿಕೊಂಡ ಬೆಲ್ಲದ ಪಾಕ ಒಣಗುತ್ತದೆ. ಒಳಗಿನ ದಂಡದ ಮೇಲೆ ಕಂದು ಬಣ್ಣದ ಗಟ್ಟಿ ಪದರ ಕಟ್ಟಿತ್ತು, ಅದರ ಅಂಚಿನಲ್ಲಿ ಎರಡು ಸತ್ತ ಇರುವೆಗಳಿದ್ದವು. ಹಿಡಿ ಬೆಳಗಿನ ಹೊತ್ತು ಬಿಗಿಯಾಗಿ, ಜಗ್ಗಿದರೆ ಮಾತ್ರ ಬರುತ್ತಿದ್ದುದಕ್ಕೆ ಕಾರಣ ಅದೇ. ಇನ್ನೂ ಮುಖ್ಯವಾದದ್ದು, ಪಾನೀಯ ಹರಿಯುವ ಕಡೆ ಕ್ರೋಮ್ ಲೇಪನ ಸವೆದು ಹಿತ್ತಾಳೆಯ ಹಳದಿ ಕಾಣುತ್ತಿತ್ತು. ನಿಂಬೆಯ ಹುಳಿ ಮತ್ತು ಕಾರ್ಬೋನಿಕ್ ಆಮ್ಲ ಎರಡೂ ಇರುವ ದ್ರವ ರಾತ್ರಿಯಿಡೀ ಹಿತ್ತಾಳೆಗೆ ತಾಗಿಕೊಂಡು ನಿಂತರೆ ತಾಮ್ರ ಅದರೊಳಗೆ ಇಳಿಯುತ್ತದೆ. ನಮ್ಮ ಮನೆಗಳಲ್ಲಿ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಸಾರು ಇಡಬಾರದೆಂಬ ಎಚ್ಚರ ಮೊದಲಿನಿಂದಲೂ ಇದೆ, ಆದರೆ ಹೊಳೆಯುವ ನಲ್ಲಿಯೊಳಗೂ ಅದೇ ಲೋಹವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಈ ಒಂದು ಕಾರಣಕ್ಕಾಗಿಯೇ ನಾನು ಶುಂಠಿ ಪಾನೀಯಕ್ಕೆ 304 ದರ್ಜೆಯ ಸ್ಟೀಲ್ ಬಿಟ್ಟು ಬೇರೆ ನಲ್ಲಿಯನ್ನು ಒಪ್ಪಲಿಲ್ಲ. ನಲ್ಲಿಯ ಹಿಂದೆ ಕೂರುವ ನಳಿಕೆಯನ್ನೂ ಸ್ಟೀಲಿನದಕ್ಕೆ ಬದಲಿಸಿದೆವು.

ಆಯ್ಕೆ ಮಾಡಿದ ನಲ್ಲಿಯಲ್ಲಿ ವಾಷರ್ ಮುಂಭಾಗದಲ್ಲಿದೆ. ಮುಚ್ಚಿದಾಗ ಪಾನೀಯ ನಲ್ಲಿಯ ಮೂತಿಯವರೆಗೂ ತುಂಬಿಕೊಂಡಿರುತ್ತದೆ, ಗಾಳಿ ಒಳಹೋಗುವುದಿಲ್ಲ, ಪಾಕ ಒಣಗುವುದಿಲ್ಲ. ಹರಿವನ್ನು ಹೆಚ್ಚುಕಡಿಮೆ ಮಾಡುವ ಸಣ್ಣ ಪಕ್ಕದ ಹಿಡಿಯೂ ಅದಕ್ಕಿದೆ. ಲಾಗರ್ ಬಿಯರ್ ಒಂದನ್ನೇ ಬಡಿಸುವವರಿಗೆ ಆ ಪಕ್ಕದ ಹಿಡಿ ಅನಗತ್ಯ, ಸರಿಯಾದ ಉದ್ದದ ಟ್ಯೂಬ್ ಇದ್ದರೆ ಸಾಕು. ಮೂರು ಪಟ್ಟು ಅನಿಲ ತುಂಬಿದ ಪಾನೀಯಕ್ಕೆ ಅದರ ಬೆಲೆ ಸಾರ್ಥಕ.

ಕಾಫಿಗೆ ಸ್ಟೌಟ್ ನಲ್ಲಿಯೇ ಬೇಕು. ಅದರ ಉದ್ದ ಮೂತಿಯೊಳಗೆ ಐದು ಸೂಕ್ಷ್ಮ ರಂಧ್ರಗಳ ಒಂದು ಪುಟ್ಟ ಬಿಲ್ಲೆ ಇರುತ್ತದೆ. 40 ಪಿಎಸ್‌ಐ ಒತ್ತಡದಲ್ಲಿ ಬಂದ ಕಾಫಿ ಆ ರಂಧ್ರಗಳನ್ನು ತೂರುವಾಗ ಒತ್ತಡ ಥಟ್ಟನೆ ಕುಸಿಯುತ್ತದೆ, ಕರಗಿದ್ದ ಅಲ್ಪ ಸಾರಜನಕ ಲೆಕ್ಕವಿಲ್ಲದಷ್ಟು ಸಣ್ಣ ಗುಳ್ಳೆಗಳಾಗಿ ಒಮ್ಮೆಲೇ ಹೊರಬೀಳುತ್ತದೆ. ಅದೇ ಬಿಲ್ಲೆಯ ಮೂಲಕ ಶುಂಠಿ ಪಾನೀಯ ಹಾಯಿಸಿದರೆ ಅದರಲ್ಲಿರುವ ಮೂರು ಪಟ್ಟು ಅನಿಲವೂ ಹೀಗೆಯೇ ಸಿಡಿದು, ಲೋಟದಲ್ಲಿ ನೊರೆಯ ಹೊರತು ಏನೂ ಉಳಿಯುವುದಿಲ್ಲ. ಎರಡಕ್ಕೂ ಸ್ಟೌಟ್ ನಲ್ಲಿ ಹಾಕಿಸಿಕೊಳ್ಳಿ ಎಂಬ ಸಲಹೆ ಪಾಲಿಸಿದ್ದರೆ ಅವರ ಮೊದಲ ದೂರು ಇನ್ನೂ ಬಿಗಡಾಯಿಸುತ್ತಿತ್ತು. ಯಾವ ಅನಿಲ ಎಷ್ಟು ಕರಗಿರಬೇಕು ಎಂಬುದು ಮೊದಲು ನಿಶ್ಚಯವಾಗಬೇಕು, ಆ ಅನಿಲ ಹೊರಬರುವಾಗ ಸಿಡಿಯಬೇಕೋ ಒಳಗೇ ಉಳಿಯಬೇಕೋ ಎಂಬುದರ ಮೇಲೆ ನಲ್ಲಿ ನಿಶ್ಚಯವಾಗಬೇಕು. ಇವೆರಡನ್ನು ಬೇರೆ ಬೇರೆ ಅಂಗಡಿಯಲ್ಲಿ ಬೇರೆ ಬೇರೆ ದಿನ ಕೊಂಡರೂ ತೀರ್ಮಾನ ಮಾತ್ರ ಒಟ್ಟಿಗೇ ಆಗಬೇಕು.

ನಲ್ಲಿ ಬದಲಾದರೆ ಮಾತ್ರ ಸಾಲುತ್ತಿರಲಿಲ್ಲ, ಅದರ ಜಾಗವೂ ಬದಲಾಗಬೇಕಿತ್ತು. ಗೋಡೆಯಾಚೆಗೆ ಹೋದ ಟ್ಯೂಬಿನಲ್ಲಿ ನಿಂತ ಪಾನೀಯ ಕೋಣೆಯ ಉಷ್ಣತೆಗೆ ಬಂದಿರುತ್ತದೆ. ನಾಲ್ಕು ಡಿಗ್ರಿಯಲ್ಲಿ ಮೂರು ಪಟ್ಟು ಅನಿಲವನ್ನು ಹಿಡಿದಿಡಲು ಸಮುದ್ರಮಟ್ಟದ ಲೆಕ್ಕದಲ್ಲಿ ಗೇಜಿನಲ್ಲಿ 17 ಪಿಎಸ್‌ಐ ಸಾಕು. ಮೂವತ್ತು ಡಿಗ್ರಿಯಲ್ಲಿ ಅಷ್ಟೇ ಅನಿಲಕ್ಕೆ ಸುಮಾರು 48 ಬೇಕು. ಬೆಚ್ಚಗಾದ ಟ್ಯೂಬಿನಲ್ಲಿ ಅಷ್ಟು ಒತ್ತಡವಿಲ್ಲದ್ದರಿಂದ ಅನಿಲ ಅಲ್ಲಿಯೇ ಬಿಡುಗಡೆಯಾಗಿ, ಮೊದಲ ಲೋಟ ಪೂರ್ತಿ ನೊರೆಯಾಗುತ್ತಿತ್ತು. ಊಟದ ಕೋಣೆಯ ಗೋಡೆಯಲ್ಲಿ ನಲ್ಲಿಗಳು ಅಂದವಾಗಿ ಕಾಣುತ್ತಿದ್ದವೆಂಬುದು ನಿಜ, ಯಜಮಾನರಿಗೆ ಅದನ್ನು ಬಿಡಲು ಮನಸ್ಸಿರಲಿಲ್ಲ. ಟ್ಯೂಬಿಗೆ ತಣ್ಣನೆ ಗಾಳಿ ಹಾಯಿಸುವ ಫ್ಯಾನ್ ಮತ್ತು ಹೊದಿಕೆಯ ವೆಚ್ಚ ಕೇಳಿದ ಮೇಲೆ ಫ್ರಿಜ್ಜಿನ ಬಾಗಿಲಿಗೇ ನಲ್ಲಿ ಕೂರಿಸಲು ಒಪ್ಪಿದರು. ಟ್ಯೂಬ್ ಪೂರ್ತಿ ತಣ್ಣಗಿನ ಕಡೆಯೇ ಉಳಿಯಿತು. ಮೈಸೂರಿನ ಎತ್ತರಕ್ಕೆ 1.3 ಪಿಎಸ್‌ಐ ಸೇರಿಸಿ ಶುಂಠಿಯ ಕೆಗ್‌ಗೆ ಸುಮಾರು 18.3 ಇಟ್ಟೆವು. ಹಳೆಯ ಟ್ಯೂಬ್ ದಪ್ಪ ಕಂಡಿಯದಾಗಿ, ಗಿಡ್ಡವಾಗಿ, ಒತ್ತಡಕ್ಕೆ ತಡೆಯೇ ಕೊಡುತ್ತಿರಲಿಲ್ಲ. ಅಂಗುಲದ ಹದಿನಾರನೇ ಮೂರು ಭಾಗದಷ್ಟು ಕಂಡಿಯ ಟ್ಯೂಬನ್ನು ನಾಲ್ಕು ಮೀಟರಿನಷ್ಟು ಉದ್ದ ಸುರುಳಿ ಸುತ್ತಿ ಒಳಗಿಟ್ಟಾಗ, ಕೊನೆಯ ಹೊಂದಾಣಿಕೆ ಪಕ್ಕದ ಹಿಡಿಯಲ್ಲಿ ಸುಲಭವಾಯಿತು. ಕಾಫಿಗೆ ಈ ತಲೆನೋವಿಲ್ಲ, ತಡೆಯೆಲ್ಲ ಆ ಬಿಲ್ಲೆಯಲ್ಲೇ ಇದೆ. ಅದಕ್ಕೆ ಬೇಕಾದ್ದು ಸಮಯ: ಸಾರಜನಕ ತಾನಾಗಿ ಕರಗುವುದು ನಿಧಾನವಾದ್ದರಿಂದ ಅನಿಲವನ್ನು ಕೆಗ್‌ನ ತಳದಿಂದ ಸೂಕ್ಷ್ಮ ರಂಧ್ರದ ಕಲ್ಲಿನ ಮೂಲಕ ಬಿಡುವ ಮುಚ್ಚಳ ಹಾಕಿದೆವು.

ಉಗ್ರಾಣಕ್ಕೆ ಕಿಟಕಿಯಿರಲಿಲ್ಲ. ಇದನ್ನು ನೋಡಿದಾಗ ನನಗೆ ಆದ ಆತಂಕ ನೊರೆಯ ವಿಷಯದಲ್ಲಿ ಆಗಿರಲಿಲ್ಲ. ಕೋಣೆಯ ಒಳಗಾತ್ರ ಸುಮಾರು 9 ಘನ ಮೀಟರ್. ಮೂರು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಂದರೆ ಒಂದೂವರೆ ಘನ ಮೀಟರಿಗೂ ಹೆಚ್ಚಾಗುತ್ತದೆ. ಅಂದರೆ ಕೋಣೆಯ ಗಾಳಿಯಲ್ಲಿ ಆರನೇ ಒಂದು ಪಾಲು, ಮನುಷ್ಯ ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪುವ ಪ್ರಮಾಣ. ಕೆಲಸದ ಸ್ಥಳಗಳಲ್ಲಿ ದಿನವಿಡೀ ಇರಬಹುದಾದ ಮಿತಿ ಅರ್ಧ ಶೇಕಡಾ ಮಾತ್ರ. ಅದು ಗಾಳಿಗಿಂತ ಭಾರವಾದ್ದರಿಂದ ನೆಲದ ಬಳಿ ಸೇರುತ್ತದೆ, ಅಲ್ಲಿ ಆಡುವ ಮಗುವಿಗೆ ಮೊದಲು ತಟ್ಟುತ್ತದೆ. ಸಾರಜನಕಕ್ಕೆ ವಾಸನೆಯಿಲ್ಲ, ಉಸಿರು ಕಟ್ಟುವ ಸೂಚನೆಯನ್ನೂ ಅದು ಕೊಡುವುದಿಲ್ಲ. ಎರಡೂ ಸಿಲಿಂಡರುಗಳನ್ನು ಹಿತ್ತಲ ಕಡೆಯ ನೆರಳಿನ ಗೋಡೆಗೆ ಸರಪಳಿಯಲ್ಲಿ ಬಿಗಿದು, ಅಲ್ಲಿಂದ ಸಣ್ಣ ಟ್ಯೂಬ್ ಮಾತ್ರ ಒಳಗೆ ತಂದೆವು. ಬಾಗಿಲಿನ ಕೆಳಗೂ ಮೇಲೂ ಜಾಲರಿಯ ಕಿಂಡಿ ಮಾಡಿಸಿದರು. ಜೋಡಣೆಗಳಿಗೆಲ್ಲ ಸೋಪಿನ ನೀರು ಬಳಿದು ಗುಳ್ಳೆ ಬರುತ್ತದೆಯೇ ಎಂದು ನೋಡುವುದನ್ನು ಮನೆಯಾಕೆಯೇ ಕಲಿತುಕೊಂಡರು.

ಕಾಫಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಬಿಯರಿನಲ್ಲಿ ಮದ್ಯಸಾರ, ಹಾಪ್ಸ್ ಎಂಬ ಕಹಿ ಹೂ ಮತ್ತು ಆಮ್ಲ ರಕ್ಷಣೆ ಕೊಡುತ್ತವೆ. ತಣ್ಣೀರಿನಲ್ಲಿ ಇಳಿಸಿದ ಕಾಫಿಗೆ ಇವುಗಳಲ್ಲಿ ಮೊದಲ ಎರಡೂ ಇಲ್ಲ, ಆಮ್ಲವೂ ಕಡಿಮೆ. ಅದನ್ನು ಆಮ್ಲಜನಕವಿಲ್ಲದ ಕೆಗ್‌ನಲ್ಲಿ ಮುಚ್ಚಿಟ್ಟು ಬೆಚ್ಚಗಾಗಲು ಬಿಟ್ಟರೆ ಬಾಟ್ಯುಲಿನಂ ಎಂಬ ಮಾರಕ ವಿಷ ಉಂಟುಮಾಡುವ ಬ್ಯಾಕ್ಟೀರಿಯಾಕ್ಕೆ ಅನುಕೂಲವಾಗುವ ಸ್ಥಿತಿ ಏರ್ಪಡುತ್ತದೆ. 2017ರಲ್ಲಿ ಅಮೆರಿಕದ ಒಂದು ಕಾಫಿ ಸಂಸ್ಥೆ ಸಾರಜನಕ ತುಂಬಿದ ಕಾಫಿಯ ಡಬ್ಬಿಗಳನ್ನು ಇದೇ ಆತಂಕದಿಂದ ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿಕೊಂಡಿತ್ತು. ಹಾಗಾಗಿ ಕೆಗ್‌ನ ಉಷ್ಣತೆ ನಾಲ್ಕು ಡಿಗ್ರಿ ಮೀರಬಾರದು, ಕಾಫಿ ವಾರದೊಳಗೆ ಮುಗಿಯಬೇಕು, ಕರೆಂಟ್ ಬಹಳ ಹೊತ್ತು ಹೋಗಿ ಫ್ರಿಜ್ ಬೆಚ್ಚಗಾದರೆ ಮರುಮಾತಿಲ್ಲದೆ ಚೆಲ್ಲಬೇಕು ಎಂದು ಹೇಳಿದೆ. ಫ್ರಿಜ್ಜಿನ ಗುಂಡಿಯ ಸಂಖ್ಯೆಯನ್ನು ನಂಬದೆ, ಒಳಗೆ ನೀರಿನ ಲೋಟದಲ್ಲಿ ಮುಳುಗಿಸಿಟ್ಟ ಥರ್ಮಾಮೀಟರ್ ನೋಡುವುದು ಸರಿಯಾದ ಕ್ರಮ.

ಬದಲಾವಣೆಯ ನಂತರ ಶುಂಠಿ ಪಾನೀಯ ಲೋಟವನ್ನು ಓರೆಯಾಗಿ ಹಿಡಿದರೆ ಎರಡು ಬೆರಳು ನೊರೆಯೊಂದಿಗೆ ತುಂಬುತ್ತದೆ, ಚುರುಕು ಕೊನೆಯ ಗುಟುಕಿನವರೆಗೂ ಇರುತ್ತದೆ. ಕಾಫಿಗೆ ಲೋಟವನ್ನು ನೆಟ್ಟಗೆ ಹಿಡಿಯಬೇಕು. ತುಂಬಿದ ಕೂಡಲೇ ಇಡೀ ಲೋಟ ತಿಳಿ ಕಂದಾಗಿ, ಅಂಚಿನಗುಂಟ ಗುಳ್ಳೆಗಳು ಕೆಳಮುಖವಾಗಿ ಇಳಿಯುತ್ತ, ತಳದಿಂದ ಮೇಲಕ್ಕೆ ಕಪ್ಪು ಬಣ್ಣ ತುಂಬಿಕೊಂಡು ಬರುತ್ತದೆ. ಹಾಲು, ಸಕ್ಕರೆ ಇಲ್ಲದೆಯೂ ಅದು ಹುಳಿಯೆನಿಸುವುದಿಲ್ಲ.

ಕೆಲ ವಾರಗಳ ಬಳಿಕ ಕಾಫಿಯ ಹರಿವು ಕುಂಠಿತವಾಗಿದೆ ಎಂದು ಮತ್ತೆ ಕರೆ ಬಂತು. ಮೂತಿ ಬಿಚ್ಚಿ ಬಿಲ್ಲೆಯನ್ನು ಬೆಳಕಿಗೆ ಹಿಡಿದಾಗ ಐದು ರಂಧ್ರಗಳಲ್ಲಿ ಎರಡು ಕಾಫಿಯ ನುಣ್ಣನೆ ಪುಡಿಯಿಂದ ಮುಚ್ಚಿಹೋಗಿದ್ದವು. ಬಟ್ಟೆಯಲ್ಲಿ ಮಾತ್ರ ಸೋಸುತ್ತಿದ್ದರು. ಈಗ ಮಾಮೂಲಿ ಫಿಲ್ಟರ್ ಪುಡಿಗಿಂತ ತರಿಯಾಗಿ ಬೀಜ ಒಡೆಸಿ, ಬಟ್ಟೆಯ ನಂತರ ಕಾಗದದ ಫಿಲ್ಟರಿನಲ್ಲಿ ಇನ್ನೊಮ್ಮೆ ಇಳಿಸುತ್ತಾರೆ. ಶುಂಠಿ ರಸದ ನಾರಿಗೂ ಅದೇ ಉಪಚಾರ. ಪ್ರತಿ ಕೆಗ್ ಮುಗಿದಾಗಲೂ ಟ್ಯೂಬಿನಲ್ಲಿ ಶುಚಿಗೊಳಿಸುವ ದ್ರಾವಣ ಹಾಯಿಸಿ, ಆಮೇಲೆ ಚೆನ್ನಾಗಿ ನೀರು ಹಾಯಿಸಿ, ಬಿಲ್ಲೆಯನ್ನು ಬಿಸಿನೀರಿನಲ್ಲಿ ತೊಳೆದು ಕೂರಿಸುತ್ತಾರೆ. ರಂಧ್ರಕ್ಕೆ ಸೂಜಿ ಚುಚ್ಚಬಾರದು, ಅದರ ಅಳತೆ ಹಿಗ್ಗಿದರೆ ನೊರೆಯ ಹದ ತಪ್ಪುತ್ತದೆ. ಮೂರನೆಯ ನಲ್ಲಿಯಲ್ಲಿ ಬರೀ ಸೋಡಾ ಬೇಕೆಂಬುದು ಅವರ ಮುಂದಿನ ಬೇಡಿಕೆ. ಅದಕ್ಕೆ ಹೊಸ ಸಿಲಿಂಡರ್ ಬೇಡ, ಈಗಿರುವ ಇಂಗಾಲದ ಡೈಆಕ್ಸೈಡಿನ ಸಾಲಿಗೇ ಇನ್ನೊಂದು ರೆಗ್ಯುಲೇಟರ್ ಸೇರಿಸಿದರೆ ಸೋಡಾಕ್ಕೆ ಬೇಕಾದ ಹೆಚ್ಚಿನ ಒತ್ತಡವನ್ನು ಪ್ರತ್ಯೇಕವಾಗಿ ಕೊಡಬಹುದು. ಟ್ಯೂಬ್ ಮಾತ್ರ ಶುಂಠಿಯದಕ್ಕಿಂತ ಉದ್ದವಿರಬೇಕು, ನಲ್ಲಿ ಮತ್ತದೇ ಸ್ಟೀಲಿನದು.